ಮಾವ ಹೆಣೆದ ಸೆಕೆಯಂಗಿ

ನಮ್ಮ ಮಾವ ತಮ್ಮ ಜೀವಮಾನದಲ್ಲಿ ಮೀನಿಗಿಂತ ಹೆಚ್ಚು ಮನುಷ್ಯರನ್ನೇ ಬಲೆಗೆ ಹಾಕಿದವರು ಎಂದರೆ ನೀವು ದಯವಿಟ್ಟು ತಪ್ಪು ತಿಳಿಯಬಾರದು. ಮೋಸ, ವಂಚನೆ ಅವರ ಏಳು ತಲೆಮಾರಿಗೂ ಗೊತ್ತಿಲ್ಲ. ನಾನು ಹೇಳುವುದು ನಿಜವಾದ ಬಲೆಯ ಸಂಗತಿ. ತಲೆ ತೂರಿಸಲು ಒಂದು ತೂತು, ಕೈ ತೂರಿಸಲು ಎರಡು ತೂತು, ಉಳಿದಂತೆ ಮೈಯೆಲ್ಲ ತೂತು! ಇದಕ್ಕೆ ಅವರು ಇಟ್ಟ ಹೆಸರು ‘ಸೆಕೆಯಂಗಿ’. ಶಿರಿಯದ ಕಡಲ ದಂಡೆಯಲ್ಲಿ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕಳೆದವರಿಗೆ ಸೆಕೆ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಸೆಕೆಯಲ್ಲಿ ಮಡಿಲಲ್ಲಿ ನೂಲಿನ ಉಂಡೆ ಇಟ್ಟುಕೊಂಡು, ಎರಡು ಸೂಜಿ ಆಡಿಸುತ್ತ ಕೂರುವ ಗಂಡಸು ಈ ಭೂಮಿಯ ಮೇಲೆ ಇನ್ನೊಬ್ಬನಿದ್ದರೆ ತೋರಿಸಿ, ನನ್ನ ಬೇಕರಿಯ ಒಂದು ಟ್ರೇ ಬನ್ನು ನಿಮಗೆ ಬಿಟ್ಟಿ!

ಮಾವ ಎಂದರೆ ನನ್ನ ತಾಯಿಯ ಅಣ್ಣ. ಹುಟ್ಟಿದ್ದು ಮೀನು ಹಿಡಿಯುವವರ ಮನೆಯಲ್ಲಿ. ಆದರೆ ದೋಣಿಯಲ್ಲಿ ಕಾಲಿಟ್ಟರೆ ಸಾಕು, ಬೆಳಿಗ್ಗೆ ಕುಡಿದ ಗಂಜಿ ಕಡಲಿನ ಪಾಲು. ಅದಕ್ಕೇ ಅವರು ದಂಡೆಯಲ್ಲಿ ಕೂತು ಬಲೆ ಹೆಣೆಯುವವರಾದರು. ಅದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಮತ್ತಿ ಮೀನಿಗೆ ಇಷ್ಟು ಸಣ್ಣ ಕಣ್ಣು, ಬಂಗುಡೆಗೆ ಇಷ್ಟು ಅಗಲದ ಕಣ್ಣು ಎಂದು ಬಲೆಯ ತೂತಿನ ಲೆಕ್ಕವೆಲ್ಲ ಅವರ ಬೆರಳಿನಲ್ಲಿತ್ತು. ಆಮೇಲೆ ಯಂತ್ರದಲ್ಲಿ ಹೆಣೆದ ನೈಲಾನ್ ಬಲೆಗಳು ರಾಶಿ ರಾಶಿಯಾಗಿ ಬಂದು ಬಿದ್ದವು. ಹರಿದದ್ದನ್ನು ಸರಿ ಮಾಡುವ ಕೆಲಸವೂ ಬರಬರುತ್ತಾ ಕಡಿಮೆಯಾಯಿತು. ಕೆಲಸವಿಲ್ಲದ ಕೈ ಎಂದರೆ ನನಗೆ ಗೊತ್ತು. ಏಳನೇ ಕ್ಲಾಸಿಗೆ ಪುಸ್ತಕ ಕಟ್ಟಿಟ್ಟು ಬ್ರೆಡ್ಡು ಸುಡುವ ಬೋರ್ಮದ ಮುಂದೆ ನಿಂತವನು ನಾನು, ಒಂದು ದಿನ ಹಿಟ್ಟು ನಾದದಿದ್ದರೆ ಕೈ ತುರಿಸುತ್ತದೆ. ಮಾವನ ಕೈಯಂತೂ ಮೊದಲು ರೇಡಿಯೋಕ್ಕೆ ಒಂದು ಬಲೆ ಹೆಣೆಯಿತು. ಆಮೇಲೆ ಕೊಡೆಗೆ. ಆಮೇಲೆ ಕಾಗೆ ಕುಕ್ಕಬಾರದೆಂದು ಅಂಗಳದ ಮರದ ಪಪ್ಪಾಯಿಗಳಿಗೆ ಒಂದೊಂದಕ್ಕೂ ಒಂದೊಂದು ಅಂಗಿ!

ಅಷ್ಟರಲ್ಲಿ ಮನೆಗೆ ಎರಡು ಸೂಜಿಗಳು ಬಂದವು. ಮೊಮ್ಮಗಳ ಶಾಲೆಯಲ್ಲಿ ಕ್ರಾಫ್ಟ್ ಟೀಚರು ಉಣ್ಣೆಯ ಮಫ್ಲರ್ ಹೆಣೆಯಲು ಹೇಳಿದ್ದರಂತೆ. ನಮ್ಮ ಊರಿನಲ್ಲಿ ಮಫ್ಲರ್! ಮೊಮ್ಮಗಳು ಅರ್ಧಕ್ಕೇ ಬಿಸಾಡಿದ್ದನ್ನು ಮಾವ ಎತ್ತಿಕೊಂಡು ತಿರುಗಿಸಿ ನೋಡಿದರು, ಬಿಚ್ಚಿದರು, ಮತ್ತೆ ಹೆಣೆದರು. ಸಂಜೆ ಬನ್ನು ಕೊಡಲು ಹೋದ ನನ್ನನ್ನು ಕರೆದು ಕೂರಿಸಿದರು.

“ಅಳಿಯಾ, ಇದರಲ್ಲಿ ಗಂಟೇ ಇಲ್ಲ ಮಾರಾಯ! ಒಂದು ಕಣ್ಣಿನೊಳಗಿಂದ ಇನ್ನೊಂದು ಕಣ್ಣು ಹುಟ್ಟುವುದು. ಉಣ್ಣೆ ಬಿಟ್ಟು ಹತ್ತಿ ನೂಲು ಹಾಕಿ, ಕಣ್ಣು ಸ್ವಲ್ಪ ಸಡಿಲ ಬಿಟ್ಟರೆ ಎಂತ ಆಗ್ತದೆ, ಹೇಳು?”

“ಎಂತ ಆಗ್ತದೆ?”

“ಗಾಳಿ ಆಡ್ತದೆ! ನಿನ್ನ ಮಾಮಿಗೆ ಒಂದು ಹೆಣೆದು ಕೊಡುವುದೇ.”

ಇಲ್ಲಿ ಮಾಮಿಯ ಬಗ್ಗೆ ಹೇಳಬೇಕು. ಮಾಮಿ ಸ್ಥೂಲಕಾಯದವರು, ಸೆಕೆ ಅವರ ಹುಟ್ಟು ವೈರಿ. ಫೆಬ್ರವರಿಗೇ ಮೈ ಒರೆಸುವ ಬೈರಾಸನ್ನು ಒದ್ದೆ ಮಾಡಿ ಹೆಗಲಿಗೆ ಹಾಕಿದರೆ ಮತ್ತೆ ತೆಗೆಯುವುದು ಮಳೆ ಹಿಡಿದ ಮೇಲೆಯೇ. ಕರೆಂಟು ಹೋದರೆ ಅವರ ಬಾಯಿಂದ ವಿದ್ಯುತ್ ಇಲಾಖೆಯವರಿಗೆ ಸಿಗುತ್ತಿದ್ದ ಆಶೀರ್ವಾದಗಳನ್ನು ಬರೆಯುವ ಹಾಗಿಲ್ಲ. ಆದರೂ ಮಾವನ ಮಾತು ಕೇಳಿದ್ದೇ ತಡ, ಒಳಗಿಂದ ಗುಡುಗಿದರು:

“ನಾನೆಂತ ಬಂಗುಡೆಯಾ ನಿಮ್ಮ ಬಲೆಗೆ ಬೀಳ್ಲಿಕ್ಕೆ? ಬೆವರಿ ಸತ್ತರೂ ಅಡ್ಡಿಲ್ಲ, ಅದು ನನ್ನ ಮೈಗೆ ಬೇಡ!”

ಅಲ್ಲಿಗೆ ಪಂದ್ಯ ಶುರು. ಮಾಮಿಯ ಮೈಮೇಲೆ ಒಂದು ಸೆಕೆಯಂಗಿ ಏರಲೇಬೇಕೆಂದು ಮಾವನ ಹಟ. ಏರಲೇಬಾರದೆಂದು ಮಾಮಿಯ ಹಟ. ನಡುವೆ ಸಿಕ್ಕಿಬಿದ್ದವನು ನಾನು. ಏಕೆಂದರೆ ಮಾಮಿಗೆ ಹೆಣೆಯುವ ಮೊದಲು ಮಾವನಿಗೆ ಕೈ ಪಳಗಬೇಕಿತ್ತು, ಕೈ ಪಳಗಲು ಒಂದು ಮೈ ಬೇಕಿತ್ತು. ಇಡೀ ದಿನ ಬೋರ್ಮದ ಬೆಂಕಿಯ ಮುಂದೆ ಬೇಯುವ ನನ್ನ ಮೈಗಿಂತ ಒಳ್ಳೆಯ ಮೈ ಎಲ್ಲಿ ಸಿಕ್ಕೀತು?

ಮೊದಲ ಅಂಗಿಯನ್ನು ಹಾಕಿಕೊಂಡು ನಾನು ಬೇಕರಿಗೆ ಹೋದೆ. ಗಾಳಿ ಆಡಿದ್ದು ಹೌದು, ಸುಳ್ಳು ಹೇಳಬಾರದು. ಆದರೆ ನಡೆದರೆ ಕಿಣಿ ಕಿಣಿ ಸದ್ದು. ಕೂತರೆ ತೊಡೆಗೆ ಏನೋ ಬಡಿಯುತ್ತದೆ. ಬಗ್ಗಿ ನೋಡಿದರೆ ಅಂಗಿಯ ಅಂಚಿಗೆ ಸುತ್ತಲೂ ಸೀಸದ ಗುಂಡುಗಳು! ಬಲೆ ನೀರಿನಲ್ಲಿ ನೆಟ್ಟಗೆ ಇಳಿಯಲೆಂದು ಬುಡಕ್ಕೆ ಕಟ್ಟುತ್ತಾರಲ್ಲ, ಅದೇ ಗುಂಡುಗಳು. ಸಂಜೆ ಹೋಗಿ ಕೇಳಿದೆ.

“ಇದೆಂತ ಮಾವ, ನನ್ನನ್ನು ಕಡಲಿಗೆ ಇಳಿಸುವ ಅಂದಾಜುಂಟಾ?”

“ಅಲ್ಲ ಅಳಿಯಾ, ಇಷ್ಟು ಹಗುರದ ಅಂಗಿ. ಗಾಳಿಗೆ ಮೇಲೆ ಹಾರಿದರೆ ಮರ್ಯಾದೆ ಯಾರದ್ದು ಹೋಗುವುದು? ನಿನ್ನದೇ ಅಲ್ವಾ?”

ನಮ್ಮ ಕಡೆ ಮಾವನ ಆಸ್ತಿ ಅಳಿಯನಿಗೆ ಎಂಬ ಕಟ್ಟು ಹಿಂದಿನಿಂದಲೂ ಇತ್ತಲ್ಲ? ನನ್ನ ಪಾಲಿಗೆ ಬಂದ ಪಿತ್ರಾರ್ಜಿತ, ಅಲ್ಲ, ಮಾತುಲಾರ್ಜಿತ ಎಂದರೆ ಆ ಒಂದು ಅಂಗಿಯೇ!

ಗುಂಡು ಬಿಚ್ಚಿಸಿದ್ದಾಯಿತು. ಮಾರನೆಯ ವಾರ ಬ್ರೆಡ್ಡಿನ ಪೆಟ್ಟಿಗೆ ಕಟ್ಟಿಕೊಂಡು ಸೈಕಲ್ ಹತ್ತಿದರೆ ಹಿಂದಿನ ಚಕ್ರ ಕುಡಿದವನ ಹಾಗೆ ವಾಲಾಡತೊಡಗಿತು. ಇಳಿದು ನೋಡುತ್ತೇನೆ, ಅಲ್ಲೊಂದು ಇಲ್ಲೊಂದು ಕಡ್ಡಿಗಳೇ ಇಲ್ಲ! ಮಗುಚಿದ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ನೆಟ್ಟಗೆ ಮಾವನ ಮನೆಗೆ ನಡೆದೆ. ಜಗಲಿಯಲ್ಲಿ ಮಾವ ನನ್ನ ಸೈಕಲಿನ ಕಡ್ಡಿಗಳ ತುದಿಯನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡುತ್ತಿದ್ದರು. ತಲೆಯನ್ನೂ ಎತ್ತಲಿಲ್ಲ.

“ಶಾಲೆಯ ಸೂಜಿ ದಪ್ಪ ಆಯ್ತು ಅಳಿಯಾ. ಸಪೂರ ಕೆಲಸಕ್ಕೆ ಇದೇ ಆಗಬೇಕು. ಚಕ್ರಕ್ಕೆ ಬೇಕಾದಷ್ಟು ಕಡ್ಡಿ ಉಂಟಲ್ಲ, ಎರಡು ಹೋದರೆ ಅದಕ್ಕೆಂತ ಗೊತ್ತಾಗ್ತದಾ?”

ಚಕ್ರಕ್ಕೆ ಗೊತ್ತಾಗಿತ್ತು ಸ್ವಾಮಿ, ರಸ್ತೆಯ ತುಂಬ ಉರುಳಿದ ಬನ್ನುಗಳಿಗೂ ಗೊತ್ತಾಗಿತ್ತು!

ಆದರೆ ಒಂದು ಮಾತು ಒಪ್ಪಬೇಕು. ಆ ಕಡ್ಡಿಗಳಿಂದ ಇಳಿದ ಅಂಗಿಗಳು ಬೇರೆಯೇ ಜಾತಿ. ಹೂವಿನಷ್ಟು ಹಗುರ; ಮುಷ್ಟಿಯಲ್ಲಿ ಹಿಡಿದರೆ ಹಿಡಿಯೊಳಗೇ ಮಾಯ. ಸುದ್ದಿ ಹಬ್ಬಿತು. ಒಣಮೀನಿನ ವ್ಯಾಪಾರದ ಮೋನಾಕ ತಮಗೊಂದು, ದುಬಾಯಿಯಲ್ಲಿರುವ ಮಗನಿಗೊಂದು ಬೇಕೆಂದು ಮನೆಗೇ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಮುಂಡು, ಅತ್ತರಿನ ಪರಿಮಳ.

“ಅಳತೆ ತೆಗೀರಿ” ಎಂದು ಅಂಗಳದಲ್ಲಿ ಕೈ ಅಗಲಿಸಿ ನಿಂತರು. ಮಾವ ಬಾವಿಕಟ್ಟೆಗೆ ಹೋಗಿ ಒಂದು ಕೊಡಪಾನ ನೀರು ತಂದವರೇ ಅವರ ಹೆಗಲ ಮೇಲೆ ಸುರಿದುಬಿಟ್ಟರು!

“ಯಾ ಅಲ್ಲಾ! ಎಂತ ಮಾರಾಯ್ರೆ ಇದು! ಅಳತೆಗೆ ಬಂದವನಿಗೆ ಸ್ನಾನವಾ?”

“ಹತ್ತಿ ಬಲೆಯನ್ನು ಒಣಗಿದ್ದಾಗ ಅಳೆದವನು ಕೆಟ್ಟ, ಮೋನಾಕ. ನೀರು ಕುಡಿದ ಮೇಲೆ ಎಷ್ಟು ನಿಲ್ತದೆ, ಅದೇ ಅಳತೆ.”

“ಅದು ಬಲೆ! ನಾನು ಮನುಷ್ಯ! ನಾನು ನೀರು ಕುಡಿದರೆ ಗಿಡ್ಡ ಆಗ್ತೇನಾ?”

ಮಾವ ಒಂದು ಕ್ಷಣ ಯೋಚಿಸಿದರು. ಬಲೆ ಹೆಣೆಯುವವನು ಮಾತ್ರ ಮಾಡಬಹುದಾದ ತಪ್ಪು ಅದು. ನೆನೆಸಬೇಕಾದದ್ದು ನೂಲನ್ನು, ಗಿರಾಕಿಯನ್ನಲ್ಲ! ಆದರೆ ಸೋಲೊಪ್ಪುವ ಜಾತಿಯೇ? “ಈಗ ತಂಪಾಯ್ತಾ ಇಲ್ವಾ, ಅದು ಹೇಳಿ” ಎಂದರು. ಮೋನಾಕ ಮುಖ ಒರೆಸಿಕೊಂಡು ನಕ್ಕುಬಿಟ್ಟರು. ಅಂಗಿ ಹಾಕಿಕೊಂಡು ಅಂಗಡಿಯಲ್ಲಿ ಕೂತರು. ಆ ಬೇಸಿಗೆಯಿಂದ ಊರಿನ ಗಂಡಸರಲ್ಲಿ ಅರ್ಧ ಜನ ಬಲೆಯೊಳಗೆ. ಅಳತೆಗೆ ಬರುವವರು ಮಾತ್ರ ಬದಲಿ ಬಟ್ಟೆ ಹಿಡಿದುಕೊಂಡೇ ಬರುತ್ತಿದ್ದರು, ಏಕೆಂದರೆ ಮಾವ ಆ ಕ್ರಮವನ್ನು ಬಿಡಲೇ ಇಲ್ಲ.

ಇಷ್ಟಾದರೂ ಮಾಮಿ? ವರ್ಷಕ್ಕೊಂದು ಅಂಗಿ ಹೆಣೆದು ಮಾವ ಅವರ ಚಾಪೆಯ ಮೇಲೆ ಇಟ್ಟುಬಿಡುತ್ತಿದ್ದರು. ಮೊದಲನೆಯದರ ಕೈಗಳನ್ನು ಗಂಟು ಹಾಕಿ ಮಾಮಿ ಅದರಲ್ಲಿ ನೀರುಳ್ಳಿ ತುಂಬಿಸಿ ತೊಲೆಗೆ ತೂಗಿದರು. ಎರಡನೆಯದನ್ನು ಕೋಳಿಯ ಹೂಮರಿಗಳ ಬುಟ್ಟಿಗೆ ಮುಚ್ಚಳ ಮಾಡಿದರು. ಮೂರನೆಯದರಲ್ಲಿ ಪಾತ್ರೆ ತಿಕ್ಕುವುದನ್ನು ನಾನೇ ಕಂಡೆ. ಮಾವನಿಗೆ ಬೇಸರವಾಯಿತೇ ಎಂದು ಮುಖ ನೋಡಿದರೆ, ಅವರು ತೊಲೆಯ ಕಡೆ ಬೆರಳು ತೋರಿಸಿ ಹೇಳಿದರು: “ನೋಡು, ಒಂದು ನೀರುಳ್ಳಿಯಾದರೂ ಕೊಳೆತದ್ದುಂಟಾ? ಅಷ್ಟು ಗಾಳಿ!”

ಹಾಗೆ ಹೇಳಿ ಕಡಲಿಗೆ ಬೆನ್ನು ಹಾಕಿ ಕೂತರು. ಆ ಹೊತ್ತು ಸೂಜಿ ಮುಟ್ಟಲಿಲ್ಲ.

ಮತ್ತೊಂದು ಏಪ್ರಿಲ್‌ನಲ್ಲಿ ಮಾಮಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದರು. ಎಡಗೈ ಮುರಿಯಿತು, ಮೊಣಕೈ ದಾಟಿ ಪ್ಲಾಸ್ಟರ್. ಯಾವ ರವಕೆಯ ತೋಳೂ ಅದರ ಮೇಲೆ ಏರಲೊಲ್ಲದು. ಅವರ ಮಗಳು ಒಂದು ದಪ್ಪ ಶಾಲು ಹೊದೆಸಿದ್ದಳು. ಬಂದವರು ಹೋದವರು ನೋಡುತ್ತಾರೆಂದು ಮಾಮಿ ಅದನ್ನು ಕೊರಳಿನವರೆಗೆ ಎಳೆದುಕೊಂಡು ಬೇಯುತ್ತಿದ್ದರು. ನಾನು ರಸ್ಕು ಹಿಡಿದುಕೊಂಡು ಹೋದಾಗ ಅವರ ಕಣ್ಣಿನಲ್ಲಿ ನೀರಿತ್ತು. ಮಾಮಿ ಅತ್ತದ್ದನ್ನು ನಾನು ಅದಕ್ಕೆ ಮೊದಲು ಕಂಡವನಲ್ಲ. ನೋವಿಗಲ್ಲವಂತೆ, ಸೆಕೆಗಂತೆ.

ಮಾವ ಅವರ ಮಂಚದ ಪಕ್ಕದಲ್ಲೇ ಕೂತು ಹೆಣೆಯತೊಡಗಿದ್ದರು. ಸೈಕಲಿನ ಕಡ್ಡಿಗಳು ಮಿಂಚಿನ ಹಾಗೆ ಆಡುತ್ತಿದ್ದವು. ಎಡತೋಳನ್ನು ಉದ್ದಕ್ಕೂ ಸೀಳಿ ಬಿಟ್ಟು ಕಟ್ಟಲು ದಾರ, ಕೊರಳು ಅಗಲ, ಮೈಯೆಲ್ಲ ಮತ್ತಿಯ ಕಣ್ಣಿಗಿಂತ ಸಣ್ಣ ಕಣ್ಣು, ಒಳಗಿನದು ಕಾಣದ ಹಾಗೆ.

“ಮಾವ, ಅಳತೆ ತೆಗೆಯಲಿಲ್ವಾ? ಕೊಡಪಾನ ತರಲಾ?” ಎಂದೆ, ಸ್ವಲ್ಪ ನಗಿಸೋಣವೆಂದು.

“ಇವಳ ಅಳತೆ ನನಗೆ ಗೊತ್ತುಂಟು” ಎಂದರು ಮಾವ. ಅಷ್ಟೇ.

ಮಾಮಿಗೆ ಅದೂ ಸಹನೆಯಾಗಲಿಲ್ಲ. “ಗೊತ್ತುಂಟಂತೆ! ಕೈ ಮುರಿದು ಬಿದ್ದವಳ ಪಕ್ಕದಲ್ಲಿ ಕೂತು ಬಲೆ ಹೆಣೀತಾರೆ! ನಾಚಿಕೆ ಮಾನ ಎಂತದಾದರೂ ಉಂಟಾ ನಿಮಗೆ?” ಎಂದು ಒಮ್ಮೆಲೇ ಕಿರುಚಿದ ರಭಸಕ್ಕೆ ಮಾವನ ಕೈ ಹಾರಿತು. ಹೆಗಲಿನ ಹತ್ತಿರ ಒಂದು ಕಣ್ಣು ಬೆರಳು ಹೋಗುವಷ್ಟು ದೊಡ್ಡದಾಯಿತು. ಮಾವನ ಅಂಗಿಯಲ್ಲಿ ತಪ್ಪು ಕಣ್ಣು! ಅವರು ಬಿಚ್ಚಲು ಹೊರಟರು. “ಬಿಚ್ಚಿ ಇನ್ನು ಮಳೆಗಾಲಕ್ಕೆ ಕೊಡಿ! ಒಮ್ಮೆ ಮುಗಿಸಿ ಸಾಯಿರಿ!” ಎಂದರು ಮಾಮಿ.

ಮುಗಿಸಿ ಸಾಯಿರಿ! ಅಂದರೆ ಮುಗಿಸಿದರೆ ಹಾಕಿಕೊಳ್ಳುತ್ತೇನೆ ಎಂದೇ ಅರ್ಥವಲ್ಲವೇ? ಮಾವ ನನ್ನ ಮುಖ ನೋಡಿದರು, ನಾನು ಮಾವನ ಮುಖ ನೋಡಿದೆ.

ಮಾರನೆಯ ದಿನ ಮಗಳು ಒಳಗೆ ಬಾಗಿಲು ಹಾಕಿ ಅದನ್ನು ತೊಡಿಸಿದಳು. ಮಾವ ಜಗಲಿಯಲ್ಲಿ ಪರೀಕ್ಷೆ ಬರೆದ ಮಗುವಿನ ಹಾಗೆ ನಿಂತಿದ್ದರು. ಬಾಗಿಲು ತೆರೆಯಿತು. ಮಾಮಿ ನಿಧಾನವಾಗಿ ಬಂದು ಕಡಲ ಗಾಳಿಗೆ ಮುಖ ಮಾಡಿ ಕೂತರು. ಕಣ್ಣು ಮುಚ್ಚಿದರು. ಕೊನೆಗೆ, “ಸೀಸ ಕಟ್ಟಲಿಲ್ವಾ ಇದಕ್ಕೆ?” ಎಂದರು.

ಪ್ಲಾಸ್ಟರ್ ಬಿಚ್ಚಿದ ಮೇಲೂ ಅಂಗಿ ನೀರುಳ್ಳಿಗೆ ಹೋಗಲಿಲ್ಲ. ಪ್ರತಿ ಬೇಸಿಗೆಗೂ ಟ್ರಂಕಿನಿಂದ ಹೊರಗೆ ಬರುತ್ತಿತ್ತು. ಒದ್ದೆ ಬೈರಾಸು ಹೆಗಲು ಬಿಟ್ಟು ಬಟ್ಟೆ ಒಣಗಿಸುವ ಕೋಲಿಗೆ ಹೋಯಿತು.

ಆಮೇಲೆ ಮಾವನ ಸಕ್ಕರೆ ಕಾಯಿಲೆ ಕಣ್ಣಿಗೆ ಏರಿತು. ಮೊದಲು ನೂಲು ಕಾಣದಾಯಿತು, ಕೊನೆಕೊನೆಗೆ ನಾವೂ ಕಾಣದಾದೆವು. ಸೂಜಿಗಳು ಮಾಡಿನ ಹಂಚಿನ ಸಂದಿನಲ್ಲಿ ಉಳಿದವು. ಅವರಿದ್ದ ಕೊನೆಯ ಬೇಸಿಗೆ. ಒಂದು ಸಂಜೆ ಹೋದಾಗ ಇಬ್ಬರೂ ಜಗಲಿಯಲ್ಲಿ ಕೂತಿದ್ದರು. ಮಾಮಿ ಅದೇ ಅಂಗಿಯಲ್ಲಿದ್ದರು, ಒಗೆದು ಒಗೆದು ಮಂಜಿನಷ್ಟು ತೆಳುವಾಗಿತ್ತು. ಮಾವನ ಬೆರಳು ಅಂಗಿಯ ಅಂಚು ಹಿಡಿದು ಒಂದೊಂದೇ ಕಣ್ಣು ಮುಟ್ಟುತ್ತಾ, ಓದುವವರ ಹಾಗೆ, ಮೇಲೆ ಮೇಲೆ ಹೋಯಿತು. ಹೆಗಲಿನ ಹತ್ತಿರ ತಟ್ಟನೆ ನಿಂತಿತು.

“ಅಳಿಯಾ, ಆ ಸೂಜಿ ತೆಗೆ. ಇಲ್ಲೊಂದು ಕಣ್ಣು ತಪ್ಪಿದೆ. ಕಾಣದಿದ್ದರೂ ಅಡ್ಡಿಲ್ಲ, ಇದೊಂದು ಸರಿ ಮಾಡಿಬಿಡ್ತೇನೆ.”

ನಾನು ಏಳಲು ಹೊರಟೆ. ಮಾಮಿ ನನ್ನ ಕಡೆ ಕಣ್ಣು ಬಿಟ್ಟು ಕೂರಿಸಿದರು. ಮಾವನ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ಅದರ ಮೇಲೆ ತಮ್ಮ ಕೈ ಇಟ್ಟರು.

“ಎಂತದೂ ಮಾಡಬೇಡಿ. ಅದು ನಾನು ಬೈದಾಗ ತಪ್ಪಿದ್ದು. ಇರಲಿ ಅದು. ನನಗೆ ಗಾಳಿ ಬರುವುದೇ ಅದರಲ್ಲಿ.”