ಎಂಜಿನ್ ಅಣ್ಣನದ್ದು, ಬಾಡಿ ತಮ್ಮನದ್ದು

ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ಜಾಲಾಡಿದರೂ ನನ್ನ ಸಣ್ಣ ಮಾವನಷ್ಟು ಜೋಪಾನವಾಗಿ ವಾಹನ ಇಟ್ಟುಕೊಂಡವರು ನಿಮಗೆ ಸಿಗಲಿಕ್ಕಿಲ್ಲ. ಇಪ್ಪತ್ತು ವರ್ಷಗಳಿಗೂ ಮೇಲೆ ಅವರ ಪಿಕಪ್ ಒಮ್ಮೆಯೂ ದಾರಿಯಲ್ಲಿ ಕೆಟ್ಟು ನಿಂತಿಲ್ಲ. ಅಪಘಾತವಿಲ್ಲ. ಪೊಲೀಸರ ದಂಡವಿಲ್ಲ. ಪೆಟ್ರೋಲಿನ ಬೆಲೆ ಏರಿದ ದಿನವೂ ಅವರ ಹುಬ್ಬು ಏರಿಲ್ಲ. ಇಂಥ ದಾಖಲೆಯ ಗುಟ್ಟೇನು ಎಂದು ಕೇಳುತ್ತೀರಾ? ಆ ಪಿಕಪ್‌ಗೆ ಎಂಜಿನ್ ಇಲ್ಲ!

ಇದನ್ನೊಂದು ಕೊರತೆ ಎಂದು ಸಣ್ಣ ಮಾವ ಒಪ್ಪುವುದಿಲ್ಲ. ಪಂಜದ ಅವರ ಮನೆಗೆ ಮೊದಲ ಸಲ ಬಂದವರು ಅಂಗಳದ ಬದಿಯ ಶೆಡ್ಡಿನಲ್ಲಿ ನಿಂತ ಹಸುರು ಪಿಕಪ್ ನೋಡಿ, "ಇದು ಓಡ್ತದಾ?" ಎಂದು ಕೇಳುವುದುಂಟು.

"ಎಂಜಿನ್ ಒಂದು ಇಲ್ಲ. ಬಾಕಿ ಎಲ್ಲ ಕಂಡೀಶನ್ ಉಂಟು" ಎಂದು ಮಾವ ಉತ್ತರಿಸುತ್ತಾರೆ. ಧ್ವನಿಯಲ್ಲಿ ಎಳ್ಳಷ್ಟೂ ಅಳುಕಿಲ್ಲ.

ಪ್ರತಿ ಭಾನುವಾರ ಅದಕ್ಕೆ ಸ್ನಾನ. ಆಮೇಲೆ ಮಾವ ಡ್ರೈವರ್ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು ಪೇಪರ್ ಓದುತ್ತಾರೆ. ಆ ಹೊತ್ತಿಗೆ ಯಾರಾದರೂ ಹುಡುಕಿಕೊಂಡು ಬಂದರೆ ಅತ್ತೆ ಅಡುಗೆಮನೆಯಿಂದಲೇ, "ಇವರು ಪಿಕಪ್‌ನಲ್ಲಿದ್ದಾರೆ. ದೂರ ಎಲ್ಲ ಹೋಗಿರ್ಲಿಕ್ಕಿಲ್ಲ" ಎಂದು ಕೂಗಿ ಹೇಳುತ್ತಾರೆ.

ಆಯುಧಪೂಜೆಯನ್ನಂತೂ ತಪ್ಪಿಸುವ ಹಾಗೇ ಇಲ್ಲ. ಚಕ್ರದಡಿಗೆ ಲಿಂಬೆಹಣ್ಣು ಇಟ್ಟ ಮೇಲೆ ವಾಹನ ಅದರ ಮೇಲೆ ಹಾಯಬೇಕಲ್ಲ? ಮನೆಮಂದಿಯೆಲ್ಲ ಹಿಂದೆ ನಿಂತು ತಳ್ಳಬೇಕು. ಒಂದು ವರ್ಷ ನಾವು ಸ್ವಲ್ಪ ಹೆಚ್ಚೇ ಭಕ್ತಿಯಿಂದ ತಳ್ಳಿದೆವು. ಪಿಕಪ್ ಲಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ, ಅಂಗಳದ ಇಳಿಜಾರು ಹಿಡಿದು, ತೆಂಗಿನಸಿಪ್ಪೆಯ ರಾಶಿಗೆ ಮೂತಿ ತೂರಿಸಿ ನಿಂತಿತು. ಸ್ಟೀರಿಂಗ್ ಹಿಡಿದಿದ್ದ ಮಾವ ದಾರಿಯುದ್ದಕ್ಕೂ ಬಾಯಲ್ಲೇ ಹಾರ್ನ್ ಹಾಕುತ್ತಿದ್ದರು. ನಾವು ಗಾಬರಿಯಿಂದ ಓಡಿಹೋದರೆ, ಮೈಮೇಲಿನ ನಾರು ಕೊಡವುತ್ತ ಕೆಳಗಿಳಿದು ಹೇಳಿದ್ದೇನು? "ಪುಲ್ಲಿಂಗ್ ನೋಡಿದ್ಯಾ ಮಾರಾಯ! ಎಂಜಿನ್ ಇಲ್ಲದೆಯೇ ಇಷ್ಟು!"

ಹಾಗಾದರೆ ಆ ಎಂಜಿನ್ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ಅದು ಪಾಲಿನಲ್ಲಿ ದೊಡ್ಡ ಮಾವನಿಗೆ ಬಂದಿದೆ.

ಪಿಕಪ್ ಅಜ್ಜನದ್ದು. ಉದ್ದ ಮೂತಿ, ಗುಂಡನೆಯ ಹೆಡ್‌ಲೈಟು, ಹಿಂದೆ ಮರದ ಹಲಗೆಯ ತೊಟ್ಟಿ. ಅಜ್ಜನ ಕಾಲದಲ್ಲೇ ಅದನ್ನು ಓಡಿಸುತ್ತಿದ್ದದ್ದು ದೊಡ್ಡ ಮಾವ, ತೊಳೆಯುತ್ತಿದ್ದದ್ದು ಸಣ್ಣ ಮಾವ. ಅಜ್ಜ ತೀರಿಕೊಂಡ ಮೇಲೆ ಪಾಲಾಯಿತು. ತೋಟ, ಮನೆ, ಹಂಡೆ, ಕಡೆಗೆ ರುಬ್ಬುವ ಕಲ್ಲು ಕೂಡ ಸದ್ದಿಲ್ಲದೆ ಹಂಚಿಹೋದವು. ಪಿಕಪ್ ಸರದಿ ಬಂದಾಗ ಮಾತ್ರ ಇಬ್ಬರೂ ಎದ್ದು ನಿಂತರು.

"ಬಿಟ್ಟದ್ದು ನಾನು."

"ತೊಳ್ದದ್ದು ನಾನು."

ಬದಲಿಗೆ ಬೇರೆ ಏನು ಕೊಟ್ಟರೂ ಇಬ್ಬರಿಗೂ ಬೇಡ. ಪಂಚಾಯಿತಿಗೆ ಬಂದಿದ್ದ ಹಿರಿಯರೊಬ್ಬರಿಗೆ ಹಸಿವಾಗಿತ್ತು. "ಹಾಗಾದ್ರೆ ಅದನ್ನೂ ಅರ್ಧ ಅರ್ಧ ಮಾಡಿ ಮಾರಾಯ್ರೆ, ಊಟಕ್ಕೆ ಹೊತ್ತಾಯ್ತು" ಎಂದರು. ಅವರು ಹೇಳಿದ್ದು ತಮಾಷೆಗೆ. ಆದರೆ ನನ್ನ ಅಜ್ಜನ ಮನೆಯಲ್ಲಿ ತಮಾಷೆಗೆ ನಗುವ ಪದ್ಧತಿ ಇಲ್ಲ, ಜಾರಿಗೆ ತರುವ ಪದ್ಧತಿ ಉಂಟು. ಮರುದಿನವೇ ಮೆಕ್ಯಾನಿಕ್ ಬಂದ. ಎಂಜಿನ್ ಮತ್ತು ಗೇರ್‌ಬಾಕ್ಸು ದೊಡ್ಡ ಮಾವನಿಗೆ, ಉಳಿದದ್ದೆಲ್ಲ ಸಣ್ಣ ಮಾವನಿಗೆ. ದೊಡ್ಡ ಮಾವ ತಮ್ಮ ಪಾಲನ್ನು ಕಲ್ಲುಗುಂಡಿಯ ತೋಟಕ್ಕೆ ಒಯ್ದು ನೀರಿನ ಪಂಪಿಗೆ ಜೋಡಿಸಿದರು. ಅಲ್ಲಿಗೆ ಅಣ್ಣತಮ್ಮಂದಿರ ಮಾತೂ ನಿಂತಿತು.

ಮಾತು ನಿಂತಿತೇ ಹೊರತು ಹೋಗಿಬರುವುದು ನಿಲ್ಲಲಿಲ್ಲ. ಮದುವೆ, ಉಪನಯನ, ಗೃಹಪ್ರವೇಶ ಯಾವುದನ್ನೂ ಇಬ್ಬರೂ ತಪ್ಪಿಸುವವರಲ್ಲ. ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿದ್ದರು, ನಡುವಿನ ಎಲೆ ಮಾತ್ರ ನನ್ನದು.

"ಅವನಿಗೆ ಹೇಳು, ಮೊಬೈಲಿನ ಮೇಲೆ ಪಾಯಸ ಬಿದ್ದಿದೆ ಅಂತ" ಎಂದು ಬಲಗಡೆಯಿಂದ.

"ಅವರಿಗೆ ಹೇಳು, ಮೊಬೈಲು ನನ್ನದು ಅಂತ" ಎಂದು ಎಡಗಡೆಯಿಂದ.

ನಾನು ಎರಡೂ ಕಡೆಯ ಹೇಳಿಕೆ ತಲುಪಿಸಿ ಮುಗಿಸುವಷ್ಟರಲ್ಲಿ ಮಜ್ಜಿಗೆ ಬಂದುಬಿಡುತ್ತಿತ್ತು!

ಇದೆಲ್ಲ ಕಳೆದ ವರ್ಷದವರೆಗಿನ ಮಾತು. ಹೀಗಿರುವಾಗ ಒಂದು ಸುದ್ದಿ ಬಂತು. ದೊಡ್ಡ ಮಾವ ಕರೆಂಟಿನ ಪಂಪು ಹಾಕಿಸಿದ್ದಾರೆ, ಅವರ ಅಂಗಳದಲ್ಲಿ ಗುಜರಿಯವನ ಗಾಡಿ ನಿಂತದ್ದನ್ನು ಯಾರೋ ಕಂಡಿದ್ದಾರೆ. ಅತ್ತೆ ಪುತ್ತೂರಿನ ದರ್ಬೆಯಲ್ಲಿರುವ ನನಗೆ ಫೋನು ಮಾಡಿದರು. "ಇವರು ಇವತ್ತು ಪೇಪರ್ ಓದ್ಲಿಲ್ಲ. ಪಿಕಪ್‌ನಲ್ಲಿ ಸುಮ್ನೆ ಕೂತಿದ್ದಾರೆ. ಆ ಎಂಜಿನ್ ಗುಜರಿಗೆ ಹೋದ್ರೆ ಅಣ್ಣತಮ್ಮಂದಿರದ್ದು ಅಲ್ಲಿಗೆ ಮುಗೀತು. ನೀನೊಮ್ಮೆ ಬಾ."

ನಾನು ಹೋಗುವಷ್ಟರಲ್ಲಿ ಮಾವ ಚೇತರಿಸಿಕೊಂಡು ಆಜ್ಞೆ ಹೊರಡಿಸಿಯಾಗಿತ್ತು. ಪಿಕಪ್ ರೆಡಿ ಮಾಡುದು, ಮನೆಯವರೇ ಮಾಡುದು, ಯಾರಿಗೂ ರಜೆ ಇಲ್ಲ! ನನಗೆ ತುಕ್ಕು ಉಜ್ಜುವ ಕೆಲಸ, ಅತ್ತೆಗೆ ಸೀಟು, ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಅವರ ಮಗಳಿಗೆ ವೈರಿಂಗ್.

"ಅಪ್ಪ, ನನಗೆ ವೈರಿಂಗ್ ಬರುದಿಲ್ಲ."

"ಮೊಬೈಲಿನಲ್ಲಿ ಎಲ್ಲ ಬರ್ತದಂತಲ್ಲ. ಅದೂ ಬರ್ತದೆ."

ಬಂತು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಹಾರ್ನ್ ಆಗುತ್ತಿತ್ತು. ಮಾವ ಕ್ಷಣ ಯೋಚಿಸಿ, "ಎರಡೂ ಎದುರಿನವನಿಗೆ ಸೂಚನೆಯೇ ಅಲ್ವಾ? ಇರ್ಲಿ" ಎಂದರು. ಅತ್ತೆ ಸೀಟಿನೊಳಗೆ ಹತ್ತಿ ತುಂಬಿದ ಹುರುಪಿಗೆ ಮಾವನ ತಲೆ ಚಾವಣಿಗೆ ತಾಗಿತು. ಅದಕ್ಕೂ ಅವರಲ್ಲಿ ಉತ್ತರವಿತ್ತು: "ಎತ್ತರ ಕೂತ್ರೆ ರಸ್ತೆ ಚಂದ ಕಾಣ್ತದೆ." ನಾನು ಉಜ್ಜಿದ ರಭಸಕ್ಕೆ ಮಡ್‌ಗಾರ್ಡಿನಲ್ಲಿ ತೂತು ಬಿತ್ತು. ಇದಕ್ಕೆ ಮಾತ್ರ ಯಾವ ಸಮರ್ಥನೆಯೂ ಬರಲಿಲ್ಲ, ಬೈಗುಳ ಬಂತು.

ಕಡೆಗೆ ಬಣ್ಣವೂ ಆಯಿತು. ಅಂಗಳದಲ್ಲಿ ನಿಂತ ಪಿಕಪ್ ಆಗ ತಾನೇ ಶೋರೂಮಿನಿಂದ ಬಂದಂತಿತ್ತು. ನಾನು ಮೆಲ್ಲಗೆ ವಿಷಯಕ್ಕೆ ಬಂದೆ. "ಮಾವ, ಸುಳ್ಯದ ಗ್ಯಾರೇಜಿನಲ್ಲಿ ಇದೇ ಮಾದರಿಯ ಎಂಜಿನ್ ಒಂದು ಉಂಟಂತೆ."

"ಬೇರೆ ಎಂಜಿನ್ ಹಾಕಿದ್ರೆ ಇದು ಬೇರೆಯವರ ಪಿಕಪ್ ಆಗ್ತದೆ."

"ಹಾಗಾದರೆ ದೊಡ್ಡ ಮಾವನಲ್ಲಿ ಕೇಳಿ."

"ನಾನು ಕೇಳುದಾ?" ಮಾವ ಎದ್ದು ಅಂಗಳಕ್ಕೆ ಒಂದು ಸುತ್ತು ಹಾಕಿ ಬಂದರು. "ನೀನು ಹೋಗು. ಆದ್ರೆ ಕೇಳ್ಬೇಡ. ಪೇಂಟು ಒಣಗಿದೆ ಅಂತ ಹೇಳಿ ಬಾ, ಸಾಕು."

ಪೇಂಟು ಒಣಗಿದ ಸುದ್ದಿ ಹೊತ್ತುಕೊಂಡು ನಾನು ಪಂಜದಿಂದ ಕಲ್ಲುಗುಂಡಿಗೆ ಹೋದೆ. ಅದು ಭಾನುವಾರ. ಗೇಟಿನ ಬಳಿಯೇ ಎಂಜಿನ್ನಿನ ಸದ್ದು ಕೇಳಿಸಿತು. ಶೆಡ್ಡಿನೊಳಗೆ ದೊಡ್ಡ ಮಾವ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಅದನ್ನು ಸಂಗೀತದ ಹಾಗೆ ಕೇಳುತ್ತಿದ್ದರು. ಪಂಪು ಇಲ್ಲ, ಪೈಪು ಇಲ್ಲ, ಹನಿ ನೀರಿಲ್ಲ. ಬರೀ ಎಂಜಿನ್ ಓಡುತ್ತಿದೆ!

"ಇದನ್ನು ಯಾಕೆ ಓಡಿಸುದು ಮಾವ?" ಎಂದೆ.

"ಓಡಿಸದಿದ್ರೆ ಹಾಳಾಗುದಿಲ್ವಾ? ಬಾಡಿ ಒಂದು ಇಲ್ಲ. ಬಾಕಿ ಎಲ್ಲ ಕಂಡೀಶನ್ ಉಂಟು."

ನಾನು ಸ್ಟೂಲು ಹುಡುಕಿ ಕೂತೆ. ಗುಜರಿಯವನು ಬಂದದ್ದು ಹಳೆಯ ತಗಡಿಗಂತೆ. ಎಂಜಿನ್ನಿನ ಕಡೆ ಕಣ್ಣು ಹಾಕಿದ್ದಕ್ಕೆ ಅವನಿಗೆ ತಗಡೂ ಸಿಗಲಿಲ್ಲ.

"ಸಣ್ಣ ಮಾವ ಹೇಳಿ ಕಳಿಸಿದ್ದಾರೆ, ಪೇಂಟು ಒಣಗಿದೆಯಂತೆ."

ದೊಡ್ಡ ಮಾವ ಎಂಜಿನ್ ನಿಲ್ಲಿಸಿದರು. ಬಟ್ಟೆಯಿಂದ ಕೈ ಒರೆಸಿಕೊಂಡರು. ಒಣಗಿದ್ದ ಕೈಯನ್ನೇ ಮತ್ತೊಮ್ಮೆ ಒರೆಸಿಕೊಂಡರು.

"ಎಂತ ಬಣ್ಣ?"

"ಹಸುರು."

"ಮೊದಲಿನ ಹಸುರಾ?"

"ಮೊದಲಿನದ್ದೇ."

"ಕೊಡುದಿಲ್ಲ ಅಂತ ಹೇಳು ಅವನಿಗೆ. ಬೇಕಾದ್ರೆ ನಾನೇ ತಂದು ಕೂರಿಸ್ತೇನೆ. ಕೂರಿಸಿದ ಮೇಲೂ ಎಂಜಿನ್ ನನ್ನದೇ."

ಪಂಜದಲ್ಲಿ ಇದನ್ನು ಒಪ್ಪಿಸಿದೆ. ಸಣ್ಣ ಮಾವ ಗಂಭೀರವಾಗಿ ತಲೆಯಾಡಿಸಿ, "ಆಗ್ಲಿ. ಬಾಡಿ ನನ್ನದೇ ಅಂತ ಹೇಳು" ಎಂದರು. ಒಪ್ಪಂದವಾಯಿತು.

ಮುಂದಿನ ವಾರ ಬಾಡಿಗೆ ಗಾಡಿಯಲ್ಲಿ ಎಂಜಿನ್ ಬಂತು. ಮುಂದಿನ ಸೀಟು ಖಾಲಿ ಇದ್ದರೂ ದೊಡ್ಡ ಮಾವ ಹಿಂದೆ, ಎಂಜಿನ್ನನ್ನು ತಬ್ಬಿಕೊಂಡು ಕೂತು ಸುಳ್ಯ ಪೇಟೆ ದಾಟಿ ಬಂದಿದ್ದರು. ಜೋಡಿಸಲು ಮೆಕ್ಯಾನಿಕ್ ಬಂದ. ಬಾನೆಟ್ಟಿನ ಒಂದು ಪಕ್ಕ ಅಣ್ಣ, ಇನ್ನೊಂದು ಪಕ್ಕ ತಮ್ಮ. "ಅವನಿಗೆ ಹೇಳು, ಸ್ಪ್ಯಾನರ್ ಕೊಡ್ಲಿಕ್ಕೆ." "ಅವರಿಗೆ ಹೇಳು, ಅವರ ಕಾಲಿನ ಹತ್ತಿರವೇ ಉಂಟು." ಅಳತೆಯಲ್ಲಿ ಕೂದಲಷ್ಟೂ ವ್ಯತ್ಯಾಸವಿಲ್ಲದೆ ಎಂಜಿನ್ ತನ್ನ ಜಾಗದಲ್ಲಿ ಕೂತಿತು. ಕೂತ ಸದ್ದಿಗೆ ಇಬ್ಬರೂ ಒಟ್ಟಿಗೆ "ಹಾಂ" ಅಂದರು. ಅಂದದ್ದು ಗೊತ್ತಾಗಿ ಇಬ್ಬರೂ ಬೇರೆ ಕಡೆ ನೋಡಿದರು.

ಸ್ಟಾರ್ಟ್ ಮಾಡುವ ಹೊತ್ತು ಬಂತು. ಸಣ್ಣ ಮಾವ ಕೀಲಿ ತಿರುಗಿಸಿದರು. ವೈಪರ್ ಅಲ್ಲಾಡಿತು. ಮತ್ತೆ ತಿರುಗಿಸಿದರು. ವೈಪರ್ ಇನ್ನೂ ಜೋರಾಗಿ ಅಲ್ಲಾಡಿತು. ಇನ್ನು ಉಳಿದದ್ದು ಹ್ಯಾಂಡಲ್ ಒಂದೇ. ಬಂಪರಿನ ತೂತಿನೊಳಗೆ ತೂರಿಸಿ ಕೈಯಿಂದ ತಿರುಗಿಸುವ ಆ ಕಬ್ಬಿಣದ ಸಲಾಕೆ ದೊಡ್ಡ ಮಾವನ ಬಳಿಯೇ ಇತ್ತು. ಅವರು ಬಗ್ಗಿ ಅರ್ಧ ಸುತ್ತು ತಿರುಗಿಸಿದರು. ಭುಜ ಕೇಳಲಿಲ್ಲ. ಇನ್ನೊಮ್ಮೆ ಬಗ್ಗಿದರು. ಆಗಲಿಲ್ಲ. ಬಂಪರ್ ಹಿಡಿದು ಹಾಗೇ ನಿಂತುಬಿಟ್ಟರು.

ಸಣ್ಣ ಮಾವ ಸೀಟಿನಿಂದ ಇಳಿದು, ಮಗಳನ್ನು ಅಲ್ಲಿ ಕೂರಿಸಿ ಮುಂದೆ ಬಂದರು. "ಅವರಿಗೆ ಹೇಳು, ಬದಿಗೆ ನಿಲ್ಲಲಿಕ್ಕೆ. ನಾನು ತಿರುಗಿಸ್ತೇನೆ. ಆ ಕಾಲದಲ್ಲಿ ಈ ಹ್ಯಾಂಡಲನ್ನು ಒಂದು ದಿನವೂ ಮುಟ್ಲಿಕ್ಕೆ ಬಿಟ್ಟವರಲ್ಲ!"

ನಾನು ತಿರುಗಿದೆ. ದೊಡ್ಡ ಮಾವ ನನ್ನನ್ನು ನೋಡಲೇ ಇಲ್ಲ. ಅವರ ಕಣ್ಣು ತಮ್ಮನ ಕೈ ಮೇಲಿತ್ತು. ಸಣ್ಣ ಮಾವ ಹ್ಯಾಂಡಲನ್ನು ಒನಕೆಯ ಹಾಗೆ ಐದೂ ಬೆರಳು ಸುತ್ತಿ ಬಿಗಿಯಾಗಿ ಹಿಡಿದಿದ್ದರು.

"ಹೆಬ್ಬೆರಳು ತೆಗಿ!"

ಅಂಗಳವೇ ಬೆಚ್ಚುವಂಥ ಕೂಗು. "ಹೆಬ್ಬೆರಳು ಈಚೆ ತೆಗಿ ಮಾರಾಯ! ಹ್ಯಾಂಡಲ್ ಹಿಂದೆ ಹೊಡೆದ್ರೆ ಮುರಿದೇ ಹೋಗ್ತದೆ. ಅಪ್ಪನದ್ದು ಮುರಿದದ್ದು ನೀನು ನೋಡ್ಲಿಲ್ವಾ? ನಿನಗೆ ಮತ್ತೆ ಯಾಕೆ ಕೊಡ್ತಿರ್ಲಿಲ್ಲ ಅಂತ ಮಾಡಿದ್ದಿ?"

ಸಣ್ಣ ಮಾವ ತಲೆ ಎತ್ತಲಿಲ್ಲ. ಹೆಬ್ಬೆರಳನ್ನು ಮೆಲ್ಲಗೆ ಬಿಡಿಸಿ ಉಳಿದ ಬೆರಳುಗಳ ಬದಿಗೇ ಇಟ್ಟುಕೊಂಡರು.

"ತೆಗ್ದೆ ಅಣ್ಣ."

ಒಂದು ಸುತ್ತಿಗೆ ಎಂಜಿನ್ ಕೆಮ್ಮಿತು. ಮುಂದಿನ ಸುತ್ತಿಗೆ ಹ್ಯಾಂಡಲ್ ನಿಜವಾಗಿಯೂ ಹಿಂದೆ ಹೊಡೆದು ಕೈಯಿಂದ ಜಾರಿತು. ಅದರ ಮುಂದಿನದ್ದಕ್ಕೆ ಪಿಕಪ್ ಗುಡುಗಿ, ನಡುಗಿ, ನೀಲಿ ಹೊಗೆ ಉಗುಳಿ ಎದ್ದಿತು! ಅತ್ತೆ ಚಪ್ಪಾಳೆ ತಟ್ಟಿದರು. ಸೀಟಿನಲ್ಲಿದ್ದ ಮಗಳು ಕಿರುಚಿ ಇಂಡಿಕೇಟರ್ ಹಾಕಿ ಹಾರ್ನ್ ಹೊಡೆದಳು. ನಾವೆಲ್ಲ ಬಾನೆಟ್ಟಿನ ಮೇಲೆ ಬಗ್ಗಿದೆವು.

ದೊಡ್ಡ ಮಾವ ಎಂಜಿನ್ನಿನ ಕಡೆ ನೋಡಲಿಲ್ಲ. ಆ ಹೊಗೆಯಲ್ಲೇ ನಿಂತು, ತಮ್ಮನ ಬಲಗೈಯನ್ನು ತಮ್ಮೆರಡೂ ಕೈಯಲ್ಲಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡುತ್ತಿದ್ದರು.