ಹಿಂದಿನ ಸೀಟಿನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಉಂಟು. ಪಕ್ಕದ ಮನೆಯವರು ಕಾರು ಕೊಂಡರೆಂದೋ, ಜೊತೆಗೆ ಕೆಲಸಕ್ಕೆ ಸೇರಿದವನಿಗೆ ಬಡ್ತಿ ಸಿಕ್ಕಿತೆಂದೋ ಕರುಬುವವರನ್ನು ಊರು ಅರ್ಥ ಮಾಡಿಕೊಳ್ಳುತ್ತದೆ. ಒಬ್ಬಿಬ್ಬರು ಮನೆಗೆ ಬಂದು ಸಮಾಧಾನವನ್ನೂ ಹೇಳುತ್ತಾರೆ. ನನ್ನದು ಯಾರಲ್ಲೂ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಮೂಡುಬಿದಿರೆಯ ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತನಾಗಿ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಯಾರ ತಂಟೆಗೂ ಹೋಗದೆ ಬದುಕಿದ ನಾನು ಕೆಲವು ವರ್ಷ ಒಂದು ಬಸ್ಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಸರಿಯಾಗಿ ಹೇಳಬೇಕೆಂದರೆ, ವರ್ಷಕ್ಕೊಮ್ಮೆ ನನ್ನ ಹೆಂಡತಿಯನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತಿದ್ದ ಬಸ್ಸಿನ ಹಿಂದಿನ ಸೀಟಿನ ಮೇಲೆ.

ನನ್ನ ಹೆಂಡತಿ ವಿಜಯಾ ವೇಣೂರಿನ ಕಡೆ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಮದುವೆಯಾಯಿತು. ಹೊಸ ಜೋಡಿ ಎಲ್ಲಿಗಾದರೂ ಹೋಗಿಬರಲಿ ಎಂದು ಹಿರಿಯರು ಸೇರಿ ಯೋಚಿಸಿ, ಕೊನೆಗೆ ಶ್ರವಣಬೆಳಗೊಳ ಎಂದು ತೀರ್ಮಾನಿಸಿದರು. ಜೈನರ ಮನೆಯ ಹಿರಿಯರಿಗೆ ಹೊಸ ಜೋಡಿಗೆಂದು ಇದಕ್ಕಿಂತ ರಸಿಕವಾದ ಜಾಗ ಹೊಳೆಯುವುದಿಲ್ಲ. ಚಾರ್ಮಾಡಿ ಘಾಟಿ ಹತ್ತಿ ಹೋಗಬೇಕು. ನಾನು ಮೊದಲೇ ಜಾಗ್ರತೆಯ ಮನುಷ್ಯ. ಲಿಂಬೆಹಣ್ಣು, ಏಲಕ್ಕಿ, ಜೀರಿಗೆ ಪೆಪ್ಪರ್‌ಮಿಂಟು, ಹೊಟ್ಟೆಗೆ ಒತ್ತಿ ಹಿಡಿಯಲು ಹಳೆಯ ಪತ್ರಿಕೆ, ಕಿಸೆಯಲ್ಲಿ ಮಡಚಿಟ್ಟ ಪ್ಲಾಸ್ಟಿಕ್ ತೊಟ್ಟೆಗಳು, ಇಷ್ಟರ ಮೇಲೆ ಒಂದು ಕೊಡೆ. ಬೆಳ್ತಂಗಡಿ ದಾಟುವಾಗ "ತಲೆ ತಿರುಗ್ತದಾ?" ಎಂದು ಕೇಳಿದೆ. ಇಲ್ಲ ಎಂದಳು. ಉಜಿರೆಯಲ್ಲಿ ಇನ್ನೊಮ್ಮೆ ಕೇಳಿದೆ. ಮುಂಡಾಜೆಯಲ್ಲಿ ಲಿಂಬೆಹಣ್ಣನ್ನು ಅವಳ ಮೂಗಿನ ಹತ್ತಿರ ಹಿಡಿದೆ. ಕಕ್ಕಿಂಜೆ ಬರುವಾಗ, ಘಾಟಿಯ ಮೊದಲ ತಿರುವು ಇನ್ನೂ ದೂರ ಇರುವಾಗಲೇ, ನನ್ನ ತೊಟ್ಟೆ ಉಪಯೋಗಕ್ಕೆ ಬಂತು. ಬಸ್ಸು ನಮ್ಮನ್ನು ಇಳಿಸಿ ಮುಂದೆ ಹೋಯಿತು. ಅಲ್ಲಿಯ ಅಂಗಡಿಯೊಂದರ ಬೆಂಚಿನಲ್ಲಿ ಕೂತು ಲಿಂಬೆ ಸೋಡಾ ಕುಡಿದೆವು. "ಎಲ್ಲಿಗೆ ಹೊರಟದ್ದು?" ಎಂದು ಅಂಗಡಿಯವರು ವಿಚಾರಿಸಿದರು. "ಇಲ್ಲಿಗೇ" ಎಂದೆ. ನಮ್ಮ ಹನಿಮೂನು ಅಲ್ಲಿಂದ ಎದುರಿನ ಬಸ್ಸು ಹತ್ತಿ ಮನೆಗೆ ಬಂತು.

ಆಮೇಲೂ ಪ್ರಯತ್ನ ಬಿಡಲಿಲ್ಲ. ಧರ್ಮಸ್ಥಳಕ್ಕೆ ಹೋದೆವು, ದೇವರ ದರ್ಶನ ನನಗಾಯಿತು, ಅವಳಿಗೆ ವಸತಿಗೃಹದ ಮಾಡಿನ ಹೆಂಚು ನೋಡುತ್ತಾ ಮಲಗುವುದಾಯಿತು. ಮಗಳು ಹುಟ್ಟಿದ ಮೇಲೆ ಮೂವರೂ ಒಮ್ಮೆ ಮೈಸೂರಿಗೆಂದು ಹೊರಟು ಬಂಟ್ವಾಳದಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಇಳಿದುಬಿಟ್ಟೆವು. ಅಕ್ಕ ನಮ್ಮನ್ನು ನೋಡಿ ಸಂತೋಷಪಟ್ಟು ನಾಲ್ಕು ದಿನ ಇಟ್ಟುಕೊಂಡಳು. ಮಗಳು ಇದೇ ಮೈಸೂರು ಎಂದು ತಿಳಿದುಕೊಂಡು ಶಾಲೆಯಲ್ಲಿ ಹಾಗೆಯೇ ಹೇಳಿದಳು. ಕೊನೆಗೆ ವಿಜಯಾಳಿಗೆ ಪ್ರಯಾಣ ಆಗುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಸ್ಥಿರವಾಯಿತು. ಅವಳು ದಿನಾ ಬೆಳಿಗ್ಗೆ ಮೂಡುಬಿದಿರೆಯಿಂದ ಶಾಲೆಗೆ ಬಸ್ಸಿನಲ್ಲೇ ಹೋಗಿ ಸಂಜೆ ಬಸ್ಸಿನಲ್ಲೇ ಬರುತ್ತಿದ್ದಳು. ಆ ದಾರಿಯಲ್ಲೂ ಬೇಕಾದಷ್ಟು ತಿರುವುಗಳಿವೆ. ಇದನ್ನು ನಾನು ಆಗಲೇ ಯೋಚಿಸಬೇಕಾಗಿತ್ತು. ಆದರೆ ಕೆಲಸಕ್ಕೆ ಹೋಗುವುದು ಪ್ರಯಾಣವಲ್ಲ ಎಂಬ ಕಚೇರಿಯವನ ತಿಳಿವಳಿಕೆ ನನ್ನದು.

ಹೀಗಿರುವಾಗ ಅವಳ ಶಾಲೆಯ ಮತ್ತು ಅಕ್ಕಪಕ್ಕದ ಶಾಲೆಗಳ ಮಹಿಳಾ ಟೀಚರುಗಳೆಲ್ಲ ಸೇರಿ ದಸರಾ ರಜೆಯಲ್ಲಿ ಒಂದು ಬಸ್ಸು ಮಾಡಿಕೊಂಡು ಪ್ರವಾಸ ಹೋಗುವ ಕ್ರಮ ಶುರುಮಾಡಿದರು. ಮೊದಲ ವರ್ಷ ವಿಜಯಾ ಹಿಂದೆಮುಂದೆ ನೋಡಿದಳು. ನಾನೇ ಧೈರ್ಯ ಹೇಳಿ, ಲಿಂಬೆಹಣ್ಣಿನಿಂದ ತೊಟ್ಟೆಯವರೆಗೆ ಎಲ್ಲವನ್ನೂ ಚೀಲಕ್ಕೆ ತುಂಬಿಸಿ ಕಳಿಸಿದೆ. ಇಡೀ ದಿನ ಕಚೇರಿಯಲ್ಲಿ ಫೋನು ಬಂದಾಗಲೆಲ್ಲ ಅವಳು ಯಾವ ಅಂಗಡಿಯ ಬೆಂಚಿನಲ್ಲಿ ಮಲಗಿದ್ದಾಳೋ ಎಂದು ಓಡಿಹೋಗಿ ಎತ್ತುತ್ತಿದ್ದೆ. ಮರುದಿನ ಬಂದಳು. ಮುಖ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. "ವಾಂತಿ?" ಎಂದೆ. "ಆಗಲಿಲ್ಲ" ಎಂದು ಒಳಗೆ ಹೋದಳು. ಲಿಂಬೆಹಣ್ಣು ಹೋದ ಹಾಗೆಯೇ ವಾಪಸು ಬಂದಿತ್ತು. ಅದನ್ನು ಸಾರಿಗೆ ಹಿಂಡಿದೆವು.

ಅದೃಷ್ಟ ಎಂದುಕೊಂಡೆ. ಮರುವರ್ಷವೂ ಆಗಲಿಲ್ಲ. ಹೀಗಿರುವಾಗ ಒಂದು ದಿನ ಮೂಡುಬಿದಿರೆಯ ಬಟ್ಟೆ ಅಂಗಡಿಯಲ್ಲಿ ಝೊಹರಾ ಟೀಚರ್ ಸಿಕ್ಕಿದರು. ಬಂಟ್ವಾಳದವರು, ವಿಜಯಾಳ ಶಾಲೆಯಲ್ಲೇ ಕೆಲಸ, ಗಂಡ ದುಬೈಯಲ್ಲಿ. "ವಿಜಯಾ ಟೀಚರ್ ಇಲ್ಲದಿದ್ರೆ ನಮ್ಮ ಬಸ್ಸೇ ಹೊರಡುವುದಿಲ್ಲ ಸರ್" ಎಂದರು. "ಚಾರ್ಮಾಡಿ ಇಡೀ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವವರೆಗೂ, ನಮ್ಮನ್ನು ನಗಿಸಿ ಸುಸ್ತು ಮಾಡಿದ್ರು. ಹಿಂದಿನ ಸೀಟಿನಲ್ಲಿ ನಾವಿಬ್ಬರೇ ಯಾವಾಗಲೂ."

ಹಿಂದಿನ ಸೀಟು. ಬಸ್ಸು ಒಂದು ಸಣ್ಣ ಕಲ್ಲು ಹತ್ತಿದರೂ ಮನುಷ್ಯನನ್ನು ತಲೆ ಮಾಡಿಗೆ ಬಡಿಯುವಷ್ಟು ಮೇಲೆ ಎಸೆಯುವ ಸೀಟು. ನಾನು ಅವಳಿಗೆಂದು ಕಂಡಕ್ಟರನ ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ಮಾಡಿ ಮುಂದಿನ ಕಿಟಕಿ ಗಿಟ್ಟಿಸುತ್ತಿದ್ದೆ. ಆಗ ಕಕ್ಕಿಂಜೆ ದಾಟದವಳು, ಝೊಹರಾ ಟೀಚರ ಪಕ್ಕದಲ್ಲಿ ಕೂತು ಘಾಟಿಯ ಮೇಲಿನ ಕೊಟ್ಟಿಗೆಹಾರಕ್ಕೆ ಹೋಗಿ ನೀರುದೋಸೆ ತಿಂದು ಬಂದಿದ್ದಾಳೆ. ಮೇಲಾಗಿ ನಗಿಸಿದ್ದಾಳೆ. ನಮ್ಮ ಮನೆಯಲ್ಲಿ ವಿಜಯಾ ಯಾರನ್ನೂ ನಗಿಸಿದ್ದು ನನಗೆ ನೆನಪಿರಲಿಲ್ಲ. ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ನನ್ನ ಹೊಟ್ಟೆಯಲ್ಲಿ ಏನೋ ಹೊತ್ತಿಕೊಂಡಿತ್ತು.

ಝೊಹರಾ ಟೀಚರ ಹತ್ತಿರ ದುಬೈಯ ಯಾವುದೋ ಮುಲಾಮು ಇರಬೇಕೆಂದು ಮೊದಲು ಅನುಮಾನಪಟ್ಟೆ. ಇನ್ನೆರಡು ದಸರಾ ಕಳೆದ ಮೇಲೆ ಅಂಥದ್ದೇ ಒಂದು ಡಬ್ಬಿ ಸಂಪಾದಿಸಿ, ಒಂದು ಭಾನುವಾರ "ಚಾರ್ಮಾಡಿಗೆ ಹೋಗುವ, ನಾವಿಬ್ಬರೇ" ಎಂದು ವಿಜಯಾಳನ್ನು ಹೊರಡಿಸಿದೆ. ಈ ಸಲ ಹಿಂದಿನ ಸೀಟು. ಬೆಳ್ತಂಗಡಿಯಲ್ಲಿ ಹಣೆಗೆ ಮುಲಾಮು, ಉಜಿರೆಯಲ್ಲಿ ಕುತ್ತಿಗೆಗೆ, ಮುಂಡಾಜೆಯಲ್ಲಿ ಮೂಗಿಗೆ. ಕಕ್ಕಿಂಜೆಯಲ್ಲಿ ಇಳಿದೆವು. ಅದೇ ಅಂಗಡಿಯವರು ನಮ್ಮನ್ನು ನೋಡಿ ಏನೂ ಕೇಳದೆ ಸೋಡಾ ಒಡೆದರು.

"ಅವರೊಟ್ಟಿಗೆ ಹೋದರೆ ಆಗುವುದಿಲ್ಲ, ನನ್ನೊಟ್ಟಿಗೆ ಮಾತ್ರ ಆಗ್ತದಲ್ಲ?" ಎಂದೆ.

"ನಾನು ಬೇಕೂಂತ ಮಾಡ್ತೇನಾ?" ಎಂದಳು. ಕಣ್ಣಲ್ಲಿ ನೀರಿತ್ತು, ವಾಂತಿಯದ್ದೋ ಬೇರೆಯದ್ದೋ ತಿಳಿಯಲಿಲ್ಲ. ವಾಪಸು ಬರುವ ದಾರಿಯಲ್ಲಿ ನಾವು ಮಾತಾಡಲಿಲ್ಲ. ವಿಚಿತ್ರವೆಂದರೆ, ಮಾತಾಡದ ಆ ದಾರಿಯಲ್ಲಿ ಅವಳಿಗೆ ಏನೂ ಆಗಲಿಲ್ಲ.

ಆ ವರ್ಷದ ದಸರಾ ಪ್ರವಾಸಕ್ಕೆ ನಾನೂ ಬರುತ್ತೇನೆಂದು ಹೇಳಿಕಳಿಸಿದೆ. ಸಾಮಾನು ನೋಡಿಕೊಳ್ಳಲಿಕ್ಕೆ ಒಬ್ಬ ಗಂಡಸು ಬೇಕಲ್ಲ ಎಂಬುದು ನನ್ನ ಕಾರಣ. ಟೀಚರುಗಳು ಮರ್ಯಾದಸ್ಥರು, ಆಯಿತು ಎಂದರು. ವಿಜಯಾ ಮಾತ್ರ ಸೀರೆ ಮಡಚುತ್ತಾ ಕೂತಳು. ಒಂದೇ ಸೀರೆಯನ್ನು ತುಂಬಾ ಹೊತ್ತು ಮಡಚಿದಳು.

ನನಗೆ ಡ್ರೈವರನ ಪಕ್ಕದ ಸೀಟು ಕೊಟ್ಟರು. ವೇಣೂರಿನಿಂದ ಬೆಳ್ತಂಗಡಿಯವರೆಗೆ ಬಸ್ಸಿನಲ್ಲಿ ಪರೀಕ್ಷೆಯ ಕೋಣೆಯ ಮೌನ. ಇದಕ್ಕೆ ಇಷ್ಟು ವರ್ಷ ಕರುಬಿದೆನೇ ಎಂದು ನನಗೆ ಸ್ವಲ್ಪ ಸಮಾಧಾನವೂ ಆಯಿತು. ಉಜಿರೆಯಲ್ಲಿ ಚಾಕ್ಕೆ ನಿಂತಾಗ, ಒಬ್ಬ ಎಳೆಯ ಟೀಚರು ನನ್ನ ಹತ್ತಿರ ಬಂದು ಬಹಳ ವಿನಯದಿಂದ, "ಸರ್, ನೀವು ಮನೆಗೆ ಬೀಗ ಹಾಕಿದ ಮೇಲೆ ಅದಕ್ಕೆ ಜೋತುಬಿದ್ದು ನೋಡ್ತೀರಂತಲ್ಲ?" ಎಂದು ಕೇಳಿದಳು. ಹೌದು ಎಂದೆ. ಇನ್ನೊಬ್ಬರು, "ಹೋಟೆಲಿನವರ ಹತ್ತಿರ ಸಾಂಬಾರಿಗೆ ನೀರುಳ್ಳಿ ಹಾಕಿದ್ದು ಯಾರು ಅಂತ ಹೆಸರು ಕೇಳ್ತೀರಂತೆ" ಎಂದರು. ಅದೂ ಸುಳ್ಳಲ್ಲ. ಟಿಕೆಟಿನಲ್ಲಿ ಅಕ್ಷರ ಸರಿ ಮೂಡಿಲ್ಲವೆಂದು ಕಂಡಕ್ಟರನಿಗೆ ವಾಪಸು ಕೊಟ್ಟದ್ದು, ಮಳೆಯಿಲ್ಲದ ದಿನ ಬಸ್ಸಿನೊಳಗೆ ಕೊಡೆ ಬಿಡಿಸಿ ಸರಿ ಉಂಟೋ ಎಂದು ನೋಡಿದ್ದು, ಒಂದೊಂದೇ ಹೊರಬಂದವು. ನನ್ನನ್ನು ಅವರು ಮೊದಲ ಸಲ ನೋಡುತ್ತಿದ್ದರು, ಆದರೆ ಎಲ್ಲರಿಗೂ ನಾನು ಬಹಳ ವರ್ಷದ ಪರಿಚಯ. ವಿಜಯಾ ದೂರದಲ್ಲಿ ನಿಂತು ಚಾ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ನೋಡುತ್ತಿದ್ದಳು.

ಮುಂಡಾಜೆ ದಾಟಿದ ಕೂಡಲೇ ಅಭ್ಯಾಸಬಲದಿಂದ ನಾನು ಎದ್ದು ಹಿಂದೆ ಹೋಗಿ, "ಹೇಗುಂಟು, ತಲೆ ತಿರುಗ್ತದಾ?" ಎಂದೆ. ಅಷ್ಟು ಹೊತ್ತು ಚೆನ್ನಾಗಿದ್ದ ಅವಳ ಮುಖ ನನ್ನ ಕಣ್ಣೆದುರೇ ಬಿಳುಚಿಕೊಂಡಿತು. ಝೊಹರಾ ಟೀಚರ್ ಮೆಲ್ಲಗೆ, "ಸರ್, ನೀವು ಮುಂದೆ ಕೂತ್ಕೊಳ್ಳಿ. ಕಾಡು ಚೆಂದ ಕಾಣ್ತದೆ. ಇಲ್ಲಿ ನಾನಿದ್ದೇನೆ" ಎಂದರು. ಮುಂದೆ ಬಂದು ಕಾಡು ನೋಡುತ್ತಾ ಕೂತೆ. ಕಕ್ಕಿಂಜೆ ಬಂತು, ಹೋಯಿತು. ಸೋಡಾದ ಅಂಗಡಿ ಹಿಂದೆ ಸರಿಯಿತು. ಘಾಟಿ ಶುರುವಾಯಿತು.

ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಹಿಂದಿನಿಂದ ಒಬ್ಬ ಗಂಡಸಿನ ದನಿ ಕೇಳಿಸಿತು. ಬಸ್ಸಿನಲ್ಲಿ ಗಂಡಸರಿದ್ದದ್ದು ನಾನು ಮತ್ತು ಡ್ರೈವರ್ ಇಬ್ಬರೇ. ಆ ದನಿ, "ಕಂಡಕ್ಟರರೇ, ಈ ಟಿಕೆಟಿನಲ್ಲಿ ಮೂಡುಬಿದಿರೆ ಅರ್ಧ ಮಾತ್ರ ಉಂಟು, ಇನ್ನರ್ಧ ಊರಿಗೆ ನಾನು ನಡೆದು ಹೋಗ್ಬೇಕಾ?" ಎಂದಿತು. ಡ್ರೈವರನ ಕನ್ನಡಿಯಲ್ಲಿ ನೋಡಿದೆ. ವಿಜಯಾ ಸೀಟಿನಿಂದ ಎದ್ದು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರದೋ ಕೊಡೆಯನ್ನು ಕಂಕುಳಲ್ಲಿಟ್ಟು, ಕುತ್ತಿಗೆಯನ್ನು ಒಂದು ಬದಿಗೆ ವಾಲಿಸಿದ್ದಳು. ನನ್ನ ಕುತ್ತಿಗೆ ಹಾಗೆ ವಾಲುತ್ತದೆಂದು ನನಗೆ ಗೊತ್ತಾದದ್ದೇ ಆಗ. ಬಸ್ಸು ತಿರುವಿನಲ್ಲಿ ತೂಗಿದರೆ ಅವಳೂ ಅದರೊಟ್ಟಿಗೆ ತೂಗಿ, ಅದನ್ನೂ ನನ್ನ ನಡಿಗೆಯಾಗಿ ಮಾಡಿಕೊಂಡಳು. ಟೀಚರುಗಳು ಮೊದಲು ನನಗೆ ಹೆದರಿ ಬಾಯಿಗೆ ಸೆರಗು ಹಿಡಿದರು, ಆಮೇಲೆ ಬಿಟ್ಟರು. ಡ್ರೈವರನೂ ನಗಲು ಶುರುಮಾಡಿ, ನನ್ನ ಮುಖ ನೋಡಿ ಗೇರು ಬದಲಿಸಿದ.

ನನಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಬೇರೆ. ಆ ಕೊಡೆಯ ಮನುಷ್ಯನೊಂದಿಗೆ ಅವಳು ಎಷ್ಟು ಹಗುರವಾಗಿದ್ದಳೆಂದರೆ, ಇಷ್ಟು ದಿನ ಝೊಹರಾ ಟೀಚರ ಮೇಲೆ ಇದ್ದ ಹೊಟ್ಟೆಕಿಚ್ಚೆಲ್ಲ ಎದ್ದು ಹೋಗಿ ಅವನ ಮೇಲೆ ಕೂತಿತು. ಅವನು ಅವಳೊಂದಿಗೆ ಪ್ರತಿ ವರ್ಷವೂ ಘಾಟಿ ಹತ್ತಿದ್ದ. ನೀರುದೋಸೆಯನ್ನೂ ತಿಂದಿರಬೇಕು.

ಮೇಲೆ ಬಸ್ಸು ನಿಲ್ಲಿಸಿದಲ್ಲಿ ಕಟ್ಟೆಯ ಹತ್ತಿರ ಝೊಹರಾ ಟೀಚರ್ ನನ್ನ ಪಕ್ಕ ಬಂದು ನಿಂತರು. "ಬೇಸರ ಮಾಡ್ಬೇಡಿ ಸರ್" ಎಂದರು. ಕಣಿವೆಯ ಕಡೆ ತಿರುಗಿ, "ನಮ್ಮವರು ರಜೆಗೆ ಬಂದು ಹೋಗ್ತಾರೆ. ಅವರ ಹಾಗೆ ಮಾಡಿ ತೋರಿಸು ಅಂದ್ರೆ ನನಗೆ ಬರುವುದಿಲ್ಲ. ಅಷ್ಟು ನೋಡಿಯೇ ಇಲ್ಲ" ಎಂದು ಬಸ್ಸಿನ ಕಡೆ ಹೋದರು.

ಮನೆಗೆ ಬಂದ ಮೇಲೆ ವಿಜಯಾಳನ್ನು ಕೇಳಿದೆ. "ನಾನು ನಿಜವಾಗಿಯೂ ಹಾಗೆ ಮಾತಾಡ್ತೇನಾ?"

"ಇಲ್ಲ" ಎಂದಳು. "ನೀವು ಅಷ್ಟು ಚೆಂದ ಮಾತಾಡುವುದಿಲ್ಲ. ನಾನು ಸ್ವಲ್ಪ ಸೇರಿಸ್ತೇನೆ." ಚೀಲ ಬಿಚ್ಚುತ್ತಾ, "ಬರುವ ವರ್ಷ ನೀವು ಬರುವುದು ಬೇಡ. ನೀವಿದ್ದರೆ ನಿಮ್ಮನ್ನು ಮಾಡ್ಲಿಕ್ಕೆ ಸರಿಯಾಗುವುದಿಲ್ಲ" ಎಂದಳು.

ಒಪ್ಪಿದೆ. ಆದರೆ ಆ ಕೊಡೆಯವನ ಎದುರು ಸುಮ್ಮನೆ ಸೋಲಲು ಮನಸ್ಸಾಗಲಿಲ್ಲ. ಮರುವರ್ಷ ಪ್ರವಾಸದ ಹಿಂದಿನ ವಾರ, ವಿಜಯಾ ನೋಡುವ ಹಾಗೆ, ಎರಡು ಕೈಗೂ ಒಂದೊಂದು ವಾಚು ಕಟ್ಟಿಕೊಂಡು ಕಚೇರಿಗೆ ಹೊರಟೆ. ಯಾಕೆಂದು ಕೇಳಿದಳು. ಒಂದು ನಿಂತುಹೋದರೆ ಎಷ್ಟು ಹೊತ್ತಿಗೆ ನಿಂತಿತೆಂದು ಇನ್ನೊಂದನ್ನು ನೋಡಿ ತಿಳಿಯಬಹುದಲ್ಲ ಎಂದೆ. ಈ ಮಾತನ್ನು ನಾನು ಎರಡು ದಿನ ಯೋಚಿಸಿ ಕಟ್ಟಿದ್ದೆ. ಅವಳು ನನ್ನನ್ನು ದಿಟ್ಟಿಸಿ ನೋಡಿ ಒಳಗೆ ಹೋದಳು. ದಸರಾ ಬಂತು, ಅವಳು ಹೋದಳು, ಬಂದಳು. ಚೀಲ ಇಳಿಸುವ ಮೊದಲೇ, "ವಾಚಿನದ್ದು ಹೇಳಿದೆಯಾ?" ಎಂದು ಕೇಳಿದೆ.

"ಹೇಳಿದೆ. ಯಾರೂ ನಗಲಿಲ್ಲ" ಎಂದಳು ವಿಜಯಾ. "ಸರ್ ಹಾಗೆಲ್ಲ ಮಾಡುವ ಜನ ಅಲ್ಲ, ಇದು ನೀವೇ ಕಟ್ಟಿದ್ದು ಅಂತ ಝೊಹರಾ ಟೀಚರ್ ಹೇಳಿಬಿಟ್ರು."