ಮೈನಸ್ ಮೂರರಿಂದ ಐದಕ್ಕೆ

ವರ್ಗಾವಣೆಯ ಅರ್ಜಿಯನ್ನು ಮಧ್ಯಾಹ್ನ ಒಂದು ಗಂಟೆಯೊಳಗೆ ಐದನೇ ಮಹಡಿಯ ಸಾಹೇಬರ ಕೈಗೆ ಕೊಡಬೇಕಿತ್ತು. ಅದೇ ದಿನ ನೋಡಿ, ಲಿಫ್ಟು ಕೆಟ್ಟು ಕೂತಿತು. ಅರ್ಜಿ ಬರೆದವನು ಮೈನಸ್ ಮೂರನೇ ಮಹಡಿಯ, ಅಂದರೆ ನೆಲದಿಂದ ಮೂರು ಅಂತಸ್ತು ಕೆಳಗಿನ, ಕಡತದ ಕೋಣೆಯ ಗುಮಾಸ್ತ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಆರು ವರ್ಷ ಧೂಳು ತಿಂದದ್ದಕ್ಕೆ ಅವನಿಗೆ ಬೇಸರವಿರಲಿಲ್ಲ. ಐದನೇ ಮಹಡಿಯ ಟಪಾಲು ವಿಭಾಗದಲ್ಲಿ ಕೂರುವ ಅವಳು ಅಷ್ಟು ದೂರವಿದ್ದಾಳಲ್ಲ ಎಂಬುದೇ ಬೇಸರ.

ಬೆಳಿಗ್ಗೆ ಸೊನ್ನೆಯ ಮಹಡಿಯಲ್ಲಿ ಲಿಫ್ಟಿಗೆ ಕಾಯುವಾಗ ಇಬ್ಬರಿಗೂ ಎರಡು ನಿಮಿಷ ಮಾತು. ಆಮೇಲೆ ಅವಳು ಮೇಲಕ್ಕೆ, ಇವನು ಪಾತಾಳಕ್ಕೆ. ಊಟ ಅವರವರ ಮೇಜಿನಲ್ಲೇ ಆಗಬೇಕೆಂಬುದು ಆಫೀಸಿನ ಕಟ್ಟಳೆ. ಡಬ್ಬಿ ಬಿಚ್ಚಿದರೆ ಅವಳ ನೆನಪಾಗಿ ಇವನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವಳ ಜೊತೆ ಕೂತು ಉಣ್ಣಬೇಕು, ಅಷ್ಟೇ ಆಸೆ. ಅದನ್ನು ಬಾಯಿಬಿಟ್ಟು ಹೇಳಲು ಎರಡು ನಿಮಿಷ ಸಾಲುತ್ತಿರಲಿಲ್ಲ.

"ಏನಿಷ್ಟು ಗಡಿಬಿಡಿ?" ಎಂದ ಪಕ್ಕದ ಮೇಜಿನ ಮಗ್ಗಿ ಮಾಮ. ಯಾರೂ ಕೇಳದಿದ್ದರೂ ಲೆಕ್ಕ ಹೇಳುತ್ತಿದ್ದುದರಿಂದ ಅವನಿಗೆ ಆ ಹೆಸರು. "ಐದರಲ್ಲಿ ಮೂರು ಕಳೆದ್ರೆ ಎಷ್ಟು?"

"ಎರಡು."

"ಮತ್ತೆ? ಮೈನಸ್ ಅಂದ್ರೆ ಕಳೆಯೋದು ತಾನೆ. ಎರಡು ಮಹಡಿ ಹತ್ತೋಕೆ ಎರಡು ನಿಮಿಷ. ಕೂತ್ಕೊಳ್ಳಪ್ಪ, ಟೀ ಕುಡಿ."

ಆರು ವರ್ಷವೂ ಬಾಗಿಲು ಮುಚ್ಚಿದ ಲಿಫ್ಟಿನಲ್ಲೇ ಓಡಾಡಿದವನು, ಮೆಟ್ಟಿಲು ಕಂಡವನಲ್ಲ. ನಂಬಿಬಿಟ್ಟ. ಟೀ ಕುಡಿದು, ತಲೆ ಬಾಚಿ, ಒಂದಕ್ಕೆ ಹತ್ತು ನಿಮಿಷವಿದ್ದಾಗ ಹೊರಟ. ಎರಡು ಮಹಡಿ ಹತ್ತಿ, ಅಂಗಿ ಸರಿಮಾಡಿಕೊಂಡು, ನಗುಮುಖದಿಂದ ಬಾಗಿಲು ತಳ್ಳಿದ. ಎದುರಿಗೆ ಸಾಲು ಸಾಲು ಸ್ಕೂಟರು.

"ಟೋಕನ್ ಎಲ್ಲಿ?" ಎಂದ ಪಾರ್ಕಿಂಗಿನವನು.

"ಇದು ಐದನೇ ಮಹಡಿ ಅಲ್ವಾ?"

"ಮೈನಸ್ ಒಂದು. ಯಾಕೆ ಸ್ವಾಮಿ, ಹುಷಾರಾಗಿದ್ದೀರಾ?"

ನೆಲ ಒರೆಸುತ್ತಿದ್ದ ಅಕ್ಕ ಇವನು ಒಪ್ಪಿಸಿದ ಮಾಮನ ಲೆಕ್ಕ ಕೇಳಿ ಕೋಲು ಊರಿ ನಿಂತಳು. "ಅಲ್ಲಣ್ಣ, ನೆಲ ಮುಟ್ಟೋಕೇ ನಿಮ್ಮ ಕೋಣೆಯಿಂದ ಮೂರು ಹತ್ಬೇಕು. ಅಲ್ಲಿಂದ ಮೇಲೆ ಐದು. ಮೈನಸ್ಸನ್ನ ಕಳೆದ್ರೆ ಕೂಡಿದ ಹಾಗೆ. ದಿನಾ ಎಂಟು ಮಹಡಿ ಮೆಟ್ಟಿಲು ಒರೆಸೋ ನನ್ನ ಸೊಂಟಕ್ಕೆ ಗೊತ್ತಿರೋದು ನಿಮ್ಮ ಮಾಮನಿಗೆ ಗೊತ್ತಿಲ್ವಲ್ಲ."

ಇನ್ನೂ ಆರು ಮಹಡಿ. ಮಗ್ಗಿ ಮಾಮನ ವಂಶವನ್ನೆಲ್ಲ ನೆನೆಯುತ್ತ ಓಡಿದ. ಎರಡನೇ ಮಹಡಿಯಲ್ಲಿ ಜವಾನ, "ಹೇಗೂ ಮೇಲೆ ಹೋಗ್ತಿದ್ದೀರಲ್ಲ" ಎಂದು ಕಡತದ ಕಟ್ಟೊಂದನ್ನು ಹೇರಿದ. ನಾಲ್ಕನೇ ಮಹಡಿಗೆ ಬಂದಾಗ ಲಿಫ್ಟು ಸರಿಹೋಗಿತ್ತು. ಐದರಿಂದ ಹೊರಟದ್ದು ಇವನ ಕಣ್ಣೆದುರೇ ಮೂರು, ಎರಡು, ಒಂದು, ಸೊನ್ನೆ, ಮೈನಸ್ ಒಂದು ಎಂದು ದೀಪ ತೋರಿಸುತ್ತ ಇಳಿಯಿತು. ಅದನ್ನೂ ಬೈದು ಕೊನೆಯ ಮೆಟ್ಟಿಲುಗಳನ್ನು ಹತ್ತಿದ.

ಒಂದಕ್ಕೆ ಒಂದೇ ನಿಮಿಷವಿತ್ತು. ಸಾಹೇಬರು ಅರ್ಜಿ ಓದಿ ಅರಳಿದರು. "ದೇವರು ಕಳಿಸಿದ ಹಾಗೆ ಬಂದ್ರಿ. ಕಡತದ ಕೋಣೆಗೇ ಹಾಕಿ ಅಂತ ಬೆಳಿಗ್ಗೆಯಿಂದ ಒಬ್ರು ಹಟ ಹಿಡಿದಿದ್ರು. ಅಲ್ಲಿಂದ ಯಾರಾದ್ರೂ ಮೇಲೆ ಬಂದ್ರೆ ನೋಡೋಣ ಅಂದಿದ್ದೆ. ತಗೊಳ್ಳಿ, ಅದಲುಬದಲು." ಎರಡು ಅರ್ಜಿಗೂ ಮುದ್ರೆ ಬಿತ್ತು. "ಇನ್ನು ಮೂರು ವರ್ಷ ಬದಲಾವಣೆ ಕೇಳೋ ಹಾಗಿಲ್ಲ. ಈಗಿಂದಲೇ ಡ್ಯೂಟಿ."

ಸಂತೋಷಕ್ಕೆ ಅವನ ಕಣ್ಣು ತುಂಬಿತು. "ನನ್ನ ಜಾಗ ಯಾವುದು ಸಾರ್?"

ಸಾಹೇಬರು ಕಿಟಕಿಯ ಪಕ್ಕದ ಟಪಾಲು ಮೇಜು ತೋರಿಸಿದರು. ಕುರ್ಚಿ ಖಾಲಿ. ಮೇಜಿನ ಫೋನು ಬಡಿದುಕೊಳ್ಳುತ್ತಿತ್ತು. ಎತ್ತಿ ಹಲೋ ಎಂದ.

"ನಾನು," ಎಂದಳು ಅವಳು. "ನಿಮ್ಮನ್ನ ನೋಡೋಣ ಅಂತ ಲಿಫ್ಟಲ್ಲಿ ಕೆಳಗೆ ಬಂದೆ. ನೀವು ಮೇಲೆ ಹೋದ್ರಿ ಅಂದ್ರು. ನಾನು ಇಲ್ಲಿಗೇ ಬರ್ತೀನಿ ಅಂತ ಅರ್ಜಿ ಹಾಕಿದ್ದೀನಿ, ಗೊತ್ತಾ? ಬೇಗ ಬನ್ನಿ, ಒಟ್ಟಿಗೆ ಊಟ ಮಾಡೋಣ."

"ನಾನು ನಿಮ್ಮ ಕುರ್ಚೀಲಿ ಕೂತಿದ್ದೀನಿ," ಎಂದ.

ಅವಳು ಮೆಲ್ಲಗೆ ಕೇಳಿದಳು, "ಮತ್ತೆ ನಿಮ್ಮ ಡಬ್ಬಿ?"

"ಅಲ್ಲೇ, ಎಡಗಡೆ ಖಾನೆಯಲ್ಲಿದೆ. ನೀವೇ ಉಣ್ಣಿ."